ಮಂಗನಬಾವಿಗೆ ಹೊಸ ಹೆಸರು

ಒಂದು ಕಾಡಿನಲ್ಲಿ ಮಂಗಗಳಿಗೆ ತಲೆಯೆತ್ತಿ ಓಡಾಡುವುದೇ ಕಷ್ಟವಾಗಿತ್ತು. ಯಾರ ಕೆನ್ನೆ ಊದಿದರೂ ಎಲ್ಲರೂ ‘ಮಂಗನಬಾವು’ ಎನ್ನುತ್ತಿದ್ದರು. ಮಂಗಗಳ ಮುಖಂಡ ಕೆಂಚಪ್ಪನಿಗೆ ರೋಗಕ್ಕಿಂತ ಆ ಹೆಸರೇ ಹೆಚ್ಚು ನೋಯುತ್ತಿತ್ತು.

“ಕರಡಿಗೆ ಬಂದರೂ ನಮ್ಮ ಹೆಸರು, ಮೊಲಕ್ಕೆ ಬಂದರೂ ನಮ್ಮ ಹೆಸರು! ಈ ರೋಗವೇ ತೊಲಗಬೇಕು ಸ್ವಾಮಿ, ಆಗ ಹೆಸರೂ ತೊಲಗುತ್ತದೆ,” ಎಂದು ಅವನು ಆನೆರಾಜನ ಮುಂದೆ ಗೋಳಾಡಿದ.

ಆನೆಗೆ ಪಾಪ ಎನಿಸಿತು. ಎಲ್ಲರಿಗೂ ಲಸಿಕೆ ಹಾಕುವ ಕೆಲಸವನ್ನು ಮುಳ್ಳುಹಂದಿ ತುಂಗಕ್ಕನಿಗೆ ಒಪ್ಪಿಸಿತು. ಅವಳಿಗೆ ಮುಳ್ಳಿಗೇನು ಬರವೇ? ತಂಗಿಯರನ್ನು ಕಟ್ಟಿಕೊಂಡು ಗುಹೆಗುಹೆಗೂ ಹೋಗಿ ಚುಚ್ಚಿದಳು. ಚುಚ್ಚಿಸಿಕೊಂಡವರ ಉಗುರಿಗೆ ನೀಲಿ ಬಣ್ಣ ಹಚ್ಚಿದಳು. ಹುಲಿರಾಯನೂ ಕಣ್ಣು ಮುಚ್ಚಿ ಕೂತು, “ಆಯ್ತಾ? ಇನ್ನೂ ಆಗ್ಲಿಲ್ವಾ?” ಎನ್ನುತ್ತಲೇ ಚುಚ್ಚಿಸಿಕೊಂಡ.

ನರಿಗೆ ಮಾತ್ರ ಮುಳ್ಳು ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ‘ಎಲ್ಲರೂ ಚುಚ್ಚಿಸಿಕೊಂಡ ಮೇಲೆ ರೋಗ ಎಲ್ಲಿಂದ ಬಂದೀತು? ನಾನೊಬ್ಬ ತಪ್ಪಿಸಿಕೊಂಡರೆ ಏನಾಗುತ್ತದೆ?’ ಎಂದುಕೊಂಡು ಉಗುರಿಗೆ ನೇರಳೆಹಣ್ಣಿನ ರಸ ಬಳಿದುಕೊಂಡಿತು.

“ನಿನ್ನ ತಂಗಿ ಆಗಲೇ ಚುಚ್ಚಿ ಹೋದಳು ತುಂಗಕ್ಕಾ. ಒಳ್ಳೆ ಕೈ ಅವಳದು!” ಎಂದಿತು.

ತುಂಗಕ್ಕ ನಂಬಿ ಮುಂದೆ ಹೋದಳು.

ತಿಂಗಳುಗಟ್ಟಲೆ ಯಾರ ಕೆನ್ನೆಯೂ ಊದಲಿಲ್ಲ. ಖುಷಿಯಾದ ಆನೆ, ರೋಗ ತೊಲಗಿತೆಂದು ಸಾರಲು ಔತಣ ಇಟ್ಟುಕೊಂಡಿತು. ಎರಡು ವಾರದ ಹಿಂದೆ, ರೋಗ ಇನ್ನೂ ಇದ್ದ ಪಕ್ಕದ ಕಾಡಿನಲ್ಲಿ ಮದುವೆಯೂಟ ಮುಗಿಸಿ ಬಂದಿದ್ದ ನರಿ, ದಾರಿಯಲ್ಲಿ ಮಂಗನ ಮರಿಗಳನ್ನು ಆಡಿಸುತ್ತಾ ಇಲ್ಲಿಗೂ ಹಾಜರಾಯಿತು. ಅದರ ಎರಡೂ ಕೆನ್ನೆ ಗುಂಡಗಿದ್ದವು.

“ಏನಪ್ಪಾ ಇದು ಕೆನ್ನೆ?” ಎಂದು ಕರಡಿ ಕೇಳಿತು.

“ಕ... ಕಜ್ಜಾಯ! ಎರಡೂ ಕಡೆ ತುಂಬಿಕೊಂಡಿದ್ದೇನೆ.”

“ಕಜ್ಜಾಯ ಇನ್ನೂ ಬಡಿಸಿಯೇ ಇಲ್ಲವಲ್ಲೋ!”

ತುಂಗಕ್ಕ ಬಾಯಿ ತೆರೆಸಲು ಹೋದಳು. ನರಿ ನೋವಿಗೆ ಅತ್ತೇಬಿಟ್ಟಿತು. ನೇರಳೆರಸದ ಗುಟ್ಟೂ ಹೊರಬಿತ್ತು.

ಎರಡು ಮೂರು ವಾರಗಳಲ್ಲಿ, ಲಸಿಕೆ ಹಾಕುವಷ್ಟು ದೊಡ್ಡವಾಗದ ಮಂಗನ ಮರಿಗಳ ಕೆನ್ನೆಯೂ ಊದಿತು. ಹಾಲು ಕುಡಿಯಲಾರದೆ ಅಳುವ ಮೊಮ್ಮಗಳನ್ನು ಎತ್ತಿಕೊಂಡು ಕೆಂಚಪ್ಪ ಆನೆಯ ಬಳಿ ಬಂದ. ಅವನನ್ನು ನೋಡಿ ಆನೆಗೂ ಕಣ್ಣೀರು ಬಂತು.

“ಔತಣ ಮುಂದಕ್ಕೆ ಹೋಯಿತು. ಈ ರೋಗ ಕಾಡು ಬಿಟ್ಟು ಹೋಗುವವರೆಗೂ ಇದರ ಹೆಸರು ನರಿಬಾವು!” ಎಂದು ಆನೆ ಗುಡುಗಿತು.

ಮರಿಗಳು ಗುಣವಾದವು. ನರಿಯ ಬಾವೂ ಇಳಿಯಿತು, ಹೆಸರು ಮಾತ್ರ ಇಳಿಯಲಿಲ್ಲ. ನರಿ, ಲಸಿಕೆಯ ವಯಸ್ಸಿಗೆ ಬಂದ ತನ್ನ ಮರಿಗಳನ್ನೇ ಮೊದಲು ಸಾಲಿನಲ್ಲಿ ನಿಲ್ಲಿಸಿತು. ಆಮೇಲೆ ತುಂಗಕ್ಕನಿಗಿಂತ ಮುಂದೆ ಓಡಿ, ಗುಹೆಗುಹೆಯ ಬಾಗಿಲಲ್ಲೂ ಕೈಮುಗಿಯತೊಡಗಿತು:

“ಅಮ್ಮಾ, ಯಾರಾದರೂ ಉಳಿದಿದ್ದಾರಾ? ಚುಚ್ಚಿಸಿಕೊಂಡುಬಿಡ್ರಮ್ಮಾ, ನಮ್ಮ ವಂಶದ ಮಾನ ಹೋಗ್ತಿದೆ!”

ನೀತಿ: ಒಬ್ಬರು ಲಸಿಕೆ ತಪ್ಪಿಸಿಕೊಂಡರೂ ರೋಗಕ್ಕೆ ಉಳಿಯಲು ಜಾಗ ಸಿಗುತ್ತದೆ, ಎಲ್ಲರೂ ಹಾಕಿಸಿಕೊಂಡರೆ ಮಾತ್ರ ಅದು ತೊಲಗುತ್ತದೆ.