ಕರಿಯಜ್ಜನ ಮನೆ ಒಡೆದ ತೊರೆ

ಭೂಮಿ ಇನ್ನೂ ಎಳೆಯದಾಗಿದ್ದಾಗ, ಬೆಟ್ಟಗಳಿಗೆ ಹೆಸರಿಡಲು ಯಾರೂ ಹುಟ್ಟಿರದಿದ್ದಾಗ, ಒಂದು ಬಂಡೆಯೊಳಗೆ ಕರಿಯಜ್ಜ ಎಂಬ ಯುರೇನಿಯಂ ಕಲ್ಲು ತನ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಮೈಗೆ ಮೈ ತಾಗಿಸಿ ಕೂರಿಸಿಕೊಂಡಿದ್ದ. ಸಿಟ್ಟಿನ ವಂಶ ಅದು. ಆಗೊಬ್ಬ ಈಗೊಬ್ಬ ಸಿಡಿದು ಎರಡು ಹೋಳಾಗುತ್ತಿದ್ದ, ಹೋಳಾಗುವಾಗ ಬಾಯಿಗೆ ಬಂದದ್ದು ಬೈಯುತ್ತಿದ್ದ. ಆದರೆ ಆ ಬೈಗುಳಕ್ಕೆ ಎಂಥ ಓಟ! ಪಕ್ಕದವನ ಕಿವಿಗೆ ಬೀಳುವ ಮೊದಲೇ ದಾಟಿ ಹೋಗಿರುತ್ತಿತ್ತು. ಹೀಗಾಗಿ ಮನೆ ಉಳಿದಿತ್ತು.

ಒಂದು ದಿನ ಬಿರುಕಿನಿಂದ ತೊರೆಯೊಬ್ಬಳು ಒಳಗೆ ಬಂದಳು. ಮಾತಿನ ಮಲ್ಲಿ. ಓಡುವ ಬೈಗುಳವನ್ನು ಹಿಡಿದು, ಅದರ ಓಟ ಇಳಿಸಿ, ಪಕ್ಕದವನ ಕಿವಿಯಲ್ಲಿ ಮೆಲ್ಲಗೆ ಉಸುರಿದಳು.

"ಅಣ್ಣಾ, ನಾನು ಹೇಳ್ದೆ ಅನ್ಬೇಡ. ಅವನು ನಿನಗೆ ಹೀಗಂದ."

ಅವನೂ ಸಿಡಿದ. ಅವನ ಬೈಗುಳ ಇನ್ನಿಬ್ಬರ ಕಿವಿಗೆ ಬಿತ್ತು. ಅವರೂ ಸಿಡಿದರು. ಬಂಡೆ ಕೆಂಡವಾಯಿತು. ತೊರೆ ಕೊತಕೊತ ಕುದಿದು, ಆವಿಯಾಗಿ ಬುಸ್ಸೆಂದು ಓಡಿಹೋದಳು. ಚಾಡಿ ಹೇಳುವವಳಿಲ್ಲದೆ ಜಗಳ ನಿಂತಿತು.

ಬಂಡೆ ತಣಿಯಿತೋ ಇಲ್ಲವೋ, ಮತ್ತೆ ಬಂದಳು. ಮತ್ತೆ ಉಸುರಿದಳು, ಮತ್ತೆ ಸಿಡಿದರು, ಮತ್ತೆ ಓಡಿದಳು.

ಕರಿಯಜ್ಜನಿಗೆ ಸಿಟ್ಟು ನೆತ್ತಿಗೇರಿತು. "ಲೇ ಮನೆಮುರುಕಿ! ಒಡೆದ ಮೊಮ್ಮಕ್ಕಳು ಮತ್ತೆ ಒಂದಾಗ್ತಾರೇನೇ?"

"ನಾನೇನು ಮಾಡ್ದೆ ಅಜ್ಜ? ಅವರಂದದ್ದನ್ನೇ ಅಂದೆ."

"ಹೌದಮ್ಮ, ನೀನು ಮಹಾ ಸಾಚಾ! ಬಿಸಿ ತಾಗಿದ್ರೆ ಓಡೋಕೆ ನಿನಗೆ ಆಕಾಶ ಇದೆ. ನಮಗೆಲ್ಲಿದೆ?"

ಅರ್ಧ ವಂಶವೇ ಹೋಗಿತ್ತು. ಕಾಲ ಬಳಿ ಬಿದ್ದ ಹೋಳುಗಳು ಅಜ್ಜನ ಗುರುತು ಹಿಡಿಯಲಿಲ್ಲ.

ಉಳಿದವರಿಗೆ ಅವನು ಗದರಿದ. "ಒಟ್ಟಿಗಿದ್ರೆ ತಾನೇ ಚಾಡಿ? ಚೆದುರಿ ಹೋಗಿ! ಒಬ್ಬೊಬ್ಬ ಒಂದೊಂದು ಬಂಡೆ ಸೇರ್ಕೊಳ್ಳಿ!"

ಅವರು ಅಳುತ್ತಾ ಹೋದರು. ಯಾರಿಗೂ ಯಾರ ಮುಖವೂ ಕಾಣದಷ್ಟು ದೂರ ಹೋದರು. ಅದಕ್ಕೇ ಈಗ ಗುಡ್ಡ ಅಗೆದರೂ ಹಿಡಿಯಷ್ಟು ಯುರೇನಿಯಂ ಸಿಗುವುದು ಕಷ್ಟ.

ಆದರೂ ಮನುಷ್ಯರು ಬಿಟ್ಟರೇ? ಅಗೆದು, ಹೆಕ್ಕಿ, ಅಣುಸ್ಥಾವರದ ಕೊಳವೆಗಳಲ್ಲಿ ತುಂಬಿ ಮತ್ತೆ ಒಟ್ಟಿಗೆ ಕೂರಿಸಿದರು. ನಡುವೆ ಬೇಕೆಂದೇ ನೀರು ಬಿಟ್ಟರು. ಜಗಳ ಮಿತಿಮೀರದಂತೆ ಬೈಗುಳ ನುಂಗುವ ಸರಳುಗಳನ್ನೂ ಇಟ್ಟರು. ಕುದಿದು ಓಡುವ ಆವಿಯ ದಾರಿಗೆ ಚಕ್ರ ಕೂರಿಸಿ ವಿದ್ಯುತ್ ತೆಗೆದರು. ಅಜ್ಜನನ್ನು ಒಂದು ಮಾತು ಕೇಳಿದರೇ? ಇಲ್ಲ. ಅದಕ್ಕೇ, ಕೆಲಸ ಮುಗಿದ ಕೊಳವೆಯನ್ನು ಹೊರಗೆ ತೆಗೆದ ಮೇಲೂ ಅದರ ಸಿಟ್ಟು ವರ್ಷಗಟ್ಟಲೆ ಆರುವುದಿಲ್ಲ. ನೀನು ಸ್ವಿಚ್ಚು ಒತ್ತಿದ ಕೂಡಲೇ ಹತ್ತುವ ಆ ಬಲ್ಬಿನಲ್ಲಿ, ಮಗೂ, ಎಷ್ಟೋ ಸಲ ಬೆಳಗುತ್ತಿರುವುದು ಒಬ್ಬ ಅಜ್ಜನ ಒಡೆದ ಮನೆ.