ಬೆಳ್ಳಿಕೂದಲಿನ ಬಳಗ

"ಅಜ್ಜಯ್ಯ, ನನ್ನಂಥವರು ಕೊನೆಗೂ ನನಗೆ ಸಿಕ್ಕಿದ್ದಾರೆ. ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲವಲ್ಲ, ಏಕೆ?" ಎಂದು ಬಸಲಿಂಗ ಕೇಳಿದ.

ಅವನು ಮಠಕ್ಕೆ ಬಂದು ವರ್ಷವಾಗಿತ್ತು. ಊರಿನಲ್ಲಿದ್ದಾಗ ಬೆಳಿಗ್ಗೆ ಎದ್ದು ಕಣ್ಣುಮುಚ್ಚಿ ಕುಳಿತರೆ ಮನೆಯವರೆಲ್ಲ ನಗುತ್ತಿದ್ದರು. ಈಗ ಹಾಗೆ ಕೂರುವವರದೇ ಒಂದು ಬಳಗ ಫೋನಿನಲ್ಲಿ ಸಿಕ್ಕಿತ್ತು. ಬೆಟ್ಟದ ಮೇಲೆ ಕರಿಕಂಬಳಿ ಹೊದ್ದು ಧ್ಯಾನಕ್ಕೆ ಕೂರುವ ಒಬ್ಬ ಸಾಧಕ ಆ ಬಳಗಕ್ಕೆಲ್ಲ ಹಿರಿಯ. ಅವನು ದಿನವೂ ತನ್ನ ವಿಡಿಯೊ ಹಾಕುತ್ತಿದ್ದ. ತಾನು ಹೊದ್ದಂಥ ಕಂಬಳಿ ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳುತ್ತಿದ್ದ. ಬಸಲಿಂಗ ಒಂದನ್ನು ತರಿಸಿಕೊಂಡಿದ್ದ. ಸುಡು ಬೇಸಿಗೆಯ ಮಧ್ಯಾಹ್ನದಲ್ಲೂ ಅದನ್ನು ಕೊರಳಿಗೆ ಸುತ್ತಿಕೊಂಡೇ ಮಠದ ಗುರು ಅಜ್ಜಯ್ಯನವರ ಮುಂದೆ ಕುಳಿತಿದ್ದ. ಆಗಾಗ ಒಂದು ಬೆರಳು ಕಂಬಳಿಯೊಳಗೆ ಹೋಗಿ ಬರುತ್ತಿತ್ತು. ಪಕ್ಕದಲ್ಲಿಟ್ಟ ಫೋನು ಗುಂಯ್ ಎಂದಾಗಲೆಲ್ಲ ಕಣ್ಣು ಅತ್ತ ಓಡುತ್ತಿತ್ತು.

ಅಜ್ಜಯ್ಯನವರು ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಕತೆ ಹೇಳುತ್ತೇನೆ. ನಡುವೆ ಎದ್ದು ಹೋಗಬಾರದು, ಆ ಡಬ್ಬಿಯ ಕಡೆ ನೋಡಲೂಬಾರದು. ಒಪ್ಪಿಗೆಯೇ?"

ಬಸಲಿಂಗ ಫೋನನ್ನು ಬೋರಲು ಹಾಕಿದ. ಅಜ್ಜಯ್ಯನವರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಹೆಸರು ಬೇಕೇ? ಇಂದುಮತಿ ಎಂದಿಟ್ಟುಕೊ. ಅಂಚೆ ಕಚೇರಿಯಲ್ಲಿ ಕುಳಿತು ಕಾಗದಗಳಿಗೆ ಮುದ್ರೆ ಒತ್ತುವ ಕೆಲಸ. ಇಪ್ಪತ್ತು ದಾಟಿತೋ ಇಲ್ಲವೋ, ಅವಳ ತಲೆ ನರೆಯತೊಡಗಿತು. ಮುದ್ರೆ ಒತ್ತಲು ತಲೆ ತಗ್ಗಿಸಬೇಕು. ತಗ್ಗಿಸಿದರೆ ಎದುರು ನಿಂತವರಿಗೆ ಬೈತಲೆಯೇ ಕಾಣಬೇಕು. ನಮ್ಮ ಜನ ಸುಮ್ಮನಿರುತ್ತಾರೆಯೇ? "ಅಯ್ಯೋ ಪಾಪ, ಇಷ್ಟು ಬೇಗನೇ!" ಎಂದು ಲೊಚಗುಟ್ಟಿ ಹೋಗುತ್ತಿದ್ದರು.

ಅವಳ ತಾಯಿ ಭಾನುವಾರಕ್ಕೊಮ್ಮೆ ಬಟ್ಟಲಿನಲ್ಲಿ ಕಪ್ಪು ಬಣ್ಣ ಕಲಸಿ ಹಚ್ಚುತ್ತಿದ್ದಳು. ಆ ಬಣ್ಣ ಮಗಳಿಗೆ ಒಗ್ಗುತ್ತಿರಲಿಲ್ಲ. ನೆತ್ತಿ ಉರಿದು ಹೋಗುತ್ತಿತ್ತು. ಆಮೇಲೆ ತುರಿಕೆ, ದಿನಗಟ್ಟಲೆ ತುರಿಕೆ. ಜನರೆದುರು ತುರಿಸಿಕೊಂಡರೆ ಬಣ್ಣದ ಗುಟ್ಟು ರಟ್ಟಾಗುತ್ತದಲ್ಲ, ಹಾಗಾಗಿ ಕೈಗಳನ್ನು ಮಡಿಲಿನಲ್ಲಿ ಬಿಗಿಹಿಡಿದು ಕೂರುತ್ತಿದ್ದಳು. ಇದನ್ನು ಯಾರ ಹತ್ತಿರವಾದರೂ ಒಮ್ಮೆ ಹೇಳಿಕೊಂಡರೆ ಸಾಕು ಎಂದು ಅವಳ ಜೀವ ತಹತಹಿಸುತ್ತಿತ್ತು. ಹೇಳಿಕೊಳ್ಳೋಣ ಎಂದರೆ ಅಂಥವರು ಒಬ್ಬರೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಇದನ್ನು ನೆನಪಿಟ್ಟುಕೊ.

ಹೀಗಿರುವಾಗ ಒಂದು ದಿನ ಫೋನಿನಲ್ಲಿ ಒಬ್ಬ ಹೆಂಗಸು ಕಂಡಳು. ಚಿಕ್ಕ ವಯಸ್ಸು, ತಲೆಯೆಲ್ಲ ಬೆಳ್ಳಗೆ. ಕೂದಲು ಹರಡಿಕೊಂಡು ಅಂಗಳದಲ್ಲಿ ಕುಳಿತು ನಗುತ್ತಿದ್ದಳು. "ನರೆ ಬಂದರೆ ಬರಲಿ, ನಾನು ಮುಚ್ಚಿಕೊಳ್ಳುವವಳಲ್ಲ" ಎನ್ನುತ್ತಿದ್ದಳು. ಅವಳಿಗೆ ಬೇರೆ ಹೆಸರಿತ್ತು, ಆದರೆ ನೋಡುವವರೆಲ್ಲ ಬೆಳ್ಳಿಯಕ್ಕ ಎಂದು ಕರೆಯುತ್ತಿದ್ದರು. ಇಂದುಮತಿ ಅದನ್ನು ನೋಡಿ ಗಳಗಳನೆ ಅತ್ತುಬಿಟ್ಟಳು. ಎದ್ದು ಹೋಗಿ ಬಣ್ಣದ ಬಟ್ಟಲನ್ನು ತಿಪ್ಪೆಗೆ ಎಸೆದಳು. ನಗಬೇಡ ತಮ್ಮಾ, ಆ ಅಳು ಸುಳ್ಳಲ್ಲ. ಆ ದಿನ ಅವಳ ಎದೆ ಹಗುರಾದದ್ದೂ ಸುಳ್ಳಲ್ಲ.

ಬೆಳ್ಳಿಯಕ್ಕನ ಸುತ್ತ ಬಾಲನರೆಯ ಹೆಂಗಸರದು ಒಂದು ಬಳಗವೇ ಇತ್ತು. ಊರೂರಿನವರು. ಫೋನಿನಲ್ಲೇ ಅಕ್ಕ, ತಂಗಿ ಎಂದು ಮಾತಾಡಿಕೊಳ್ಳುತ್ತಿದ್ದರು. ಯಾರನ್ನು ಯಾರು ಏನೆಂದು ಹಂಗಿಸಿದರು, ನೋಡಲು ಬಂದ ಗಂಡು ಹೇಗೆ ಮುಖ ತಿರುಗಿಸಿದ, ಎಲ್ಲವೂ ಅಲ್ಲಿ ಬರುತ್ತಿತ್ತು. ಇಂದುಮತಿ ತನ್ನ ನೆತ್ತಿಯ ಕತೆ ಹೇಳಿಕೊಂಡಳು. "ನನಗೂ ಹಾಗೇ ಆಗುತ್ತಿತ್ತು ತಂಗಿ" ಎಂದು ಎಷ್ಟೋ ಜನ ಬರೆದರು. ಅದನ್ನು ಅವಳು ಓದಿದ್ದನ್ನೇ ಮತ್ತೆ ಮತ್ತೆ ಓದಿದಳು.

ಅಲ್ಲಿಗೆ ನಿಂತಿದ್ದರೆ ನಾನೂ ಈ ಕತೆ ಹೇಳುತ್ತಿರಲಿಲ್ಲ.

ಒಂದು ದಿನ ಬೆಳ್ಳಿಯಕ್ಕ ಒಂದು ಮರದ ಬಾಚಣಿಗೆ ಹಿಡಿದು ಬಂದಳು. "ಇದು ನಮ್ಮಂಥವರ ಬಾಚಣಿಗೆ" ಎಂದಳು. ಅಷ್ಟೇ. ವಾರ ಕಳೆಯುವುದರೊಳಗೆ ಬಳಗದವರೆಲ್ಲ ಅದನ್ನು ಕೈಯಲ್ಲಿ ಹಿಡಿದು ಫೋಟೊ ಹಾಕತೊಡಗಿದರು. ಇಂದುಮತಿಯ ಕೈಯಲ್ಲಿ ಅದಿರಲಿಲ್ಲ. ಏನೋ ಕಳೆದುಕೊಂಡವಳ ಹಾಗೆ ಮನೆಯೊಳಗೆ ಅತ್ತಿಂದಿತ್ತ ಓಡಾಡಿದಳು. ಕೊನೆಗೆ ತರಿಸಿಕೊಂಡಳು. ಸಮಾಧಾನವಾಯಿತು. ಎಷ್ಟು ಹೊತ್ತು? ಬೆಳ್ಳಿಕೂದಲು ಹಳದಿಗೆ ತಿರುಗದಿರಲಿ ಎಂದು ಒಂದು ಎಣ್ಣೆ ಬರುವವರೆಗೆ. ಆಮೇಲೆ ಬೂದಿಬಣ್ಣದ ಸೀರೆ ಬಂತು, ಅದನ್ನುಟ್ಟರೆ ಕೂದಲು ಎದ್ದು ಕಾಣುತ್ತದಂತೆ. ಅಂಚೆ ಕಚೇರಿಯಲ್ಲಿ ಪೊಟ್ಟಣಗಳು ಅವಳ ಕೈಯ ಮೇಲೆಯೇ ಹಾದು ಹೋಗಬೇಕಲ್ಲ. ಬೇರೆಯವರ ಹೆಸರಿಗೆ ಬಂದ ಪೊಟ್ಟಣವನ್ನು ಎತ್ತಿ ನೋಡಿ, ಇದರಲ್ಲಿ ಅದೇ ಇರಬಹುದೇ, ಹೊಸದೇನಾದರೂ ಬಂತೇ ಎಂದು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು. ಈಗ ಬಳಗದಲ್ಲಿ ಯಾರೂ ನೆತ್ತಿಯ ಕತೆ, ಗಂಡಿನ ಕತೆ ಹೇಳಿಕೊಳ್ಳುತ್ತಿರಲಿಲ್ಲ. ಯಾರ ಮನೆಗೆ ಏನು ಬಂತು ಎಂಬುದೇ ಮಾತು.

ಹೀಗೇ ಇರುವಾಗ ಬೆಳ್ಳಿಯಕ್ಕ ಒಂದು ಹೊಸ ಮಾತು ತಂದಳು. ಪೂರ್ತಿ ಬೆಳ್ಳಿ. ತಲೆಯಲ್ಲಿ ಒಂದು ಎಳೆಯೂ ಕಪ್ಪಿಲ್ಲದವರು ಪೂರ್ತಿ ಬೆಳ್ಳಿ. ಮಿಕ್ಕವರು ಇನ್ನೂ ದಾರಿಯಲ್ಲಿರುವವರು. ಇಂದುಮತಿ ಎದ್ದು ಕನ್ನಡಿಯ ಮುಂದೆ ನಿಂತಳು. ಮುಂದಲೆ ಬೆಳ್ಳಗಿತ್ತು. ಹಿಂದೊಂದು ಕನ್ನಡಿ ಹಿಡಿದು ನೋಡಿದಳು. ಕತ್ತಿನ ಮೇಲ್ಗಡೆ ಕೂದಲು ಕಪ್ಪಗೆ, ದಟ್ಟವಾಗಿ, ಹಟ ಹಿಡಿದು ಕುಳಿತಿತ್ತು. ಬೇರೆಯವರಾದರೆ ದೇವರಿಗೆ ಕೈಮುಗಿಯುತ್ತಿದ್ದರು. ಇವಳಿಗೆ ನಾಚಿಕೆಯಾಯಿತು. ಫೋಟೊ ತೆಗೆಸಿಕೊಳ್ಳುವಾಗ ಗೋಡೆಗೆ ಒರಗಿ ನಿಲ್ಲತೊಡಗಿದಳು. ಕಚೇರಿಯಲ್ಲಿ ಯಾರಾದರೂ ಬೆನ್ನ ಹಿಂದೆ ಹಾದುಹೋದರೆ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಿದ್ದಳು.

ಮತ್ತೊಂದು ಪೊಟ್ಟಣ ಬಂತು. ಅದರಲ್ಲಿ ಬಿಳಿಯ ಲೇಪ. ಬಟ್ಟಲಿನಲ್ಲಿ ಕಲಸಿ ಹಚ್ಚಿಕೊಳ್ಳುವುದು.

ಅಡುಗೆಮನೆಯಿಂದ ಬಂದ ತಾಯಿ ಬಾಗಿಲಲ್ಲೇ ನಿಂತುಬಿಟ್ಟಳು. "ಏನೇ ಇದು? ಬಣ್ಣವೇ ಬೇಡ ಎಂದು ಬಟ್ಟಲು ಎಸೆದು ಬಂದವಳು ನೀನೇ ಅಲ್ಲವೇನೇ?"

"ಇದು ಬಣ್ಣವಲ್ಲಮ್ಮ. ನಾನು ನಿಜವಾಗಿ ಇರುವುದೇ ಹೀಗೆ" ಎಂದಳು ಇಂದುಮತಿ.

ತಾಯಿ ಮಗಳ ಮುಖವನ್ನೇ ನೋಡಿ ಒಳಗೆ ಹೋದಳು. ಇಂದುಮತಿಗೆ ಆ ಮಧ್ಯಾಹ್ನವೇ ನೆತ್ತಿ ಉರಿಯತೊಡಗಿತು. ಸಂಜೆಗೆ ತುರಿಕೆ ಶುರುವಾಯಿತು.

ಅದೇ ಹೊತ್ತಿಗೆ ಬೆಳ್ಳಿಯಕ್ಕ ಆ ಊರಿಗೇ ಬರುವಳು ಎಂದು ಸುದ್ದಿ ಬಂತು. ಬಳಗದವರೆಲ್ಲ ಮೊದಲ ಬಾರಿಗೆ ಮುಖಾಮುಖಿ ಸೇರುವುದು. ಇಂದುಮತಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕತಂಗಿಯರನ್ನು ಕಣ್ಣಾರೆ ಕಾಣುವೆ, ಕೈ ಹಿಡಿದು ಮಾತಾಡುವೆ ಎಂದು ಹಂಬಲಿಸಿದಳು. ಮತ್ತೆ ಲೇಪ ಹಚ್ಚಿ, ಬೂದಿಬಣ್ಣದ ಸೀರೆಯುಟ್ಟು ಹೋದಳು. ಕಲ್ಯಾಣ ಮಂಟಪದ ತುಂಬ ಬೆಳ್ಳಗಿನ ತಲೆಗಳು. ಕಪ್ಪು ಎಂಬುದು ಹುಡುಕಿದರೂ ಇರಲಿಲ್ಲ. ಬೆಳ್ಳಿಯಕ್ಕ ವೇದಿಕೆಯ ಮೇಲೆ ನಿಂತು ಮಾತಾಡುತ್ತಿದ್ದಳು. "ನಾವು ಏನನ್ನೂ ಮುಚ್ಚಿಕೊಳ್ಳುವವರಲ್ಲ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂದುಮತಿಯೂ ತಟ್ಟಿದಳು. ತಟ್ಟಿ ಮುಗಿದ ಕೈ ತಲೆಯ ಕಡೆ ಏಳುತ್ತಿತ್ತು. ಹಿಡಿದು ಮಡಿಲಿಗೆ ತಂದಳು. ಹತ್ತು ಬೆರಳು ಹೆಣೆದು ಬಿಗಿಯಾಗಿ ಅದುಮಿಕೊಂಡಳು. ನೆತ್ತಿಯ ಮೇಲೆ ಕೆಂಡ ಇಟ್ಟ ಹಾಗೆ ಆಗುತ್ತಿತ್ತು.

ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಗುರುತು ಪರಿಚಯವಿಲ್ಲ. ಅವಳೂ ಬೆರಳು ಹೆಣೆದು ಕುಳಿತಿದ್ದಳು. ಕಣ್ಣಿನಲ್ಲಿ ನೀರು ನಿಂತಿತ್ತು. ಆಕೆ ಇಂದುಮತಿಯ ಕೈಗಳನ್ನು ನೋಡಿದಳು, ಮುಖ ನೋಡಿದಳು. ಆಮೇಲೆ ಹತ್ತಿರ ಸರಿದು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು. "ನಿಮಗೂ ತುರಿಸುತ್ತಿದೆಯೇ?"

ಯಾವ ಮಾತಿಗಾಗಿ ಇಂದುಮತಿ ಇಷ್ಟು ವರ್ಷ ಕಾದಿದ್ದಳೋ ಅದೇ ಮಾತು. ಕೇಳಿದವಳು ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿದ್ದಳು. ಹೌದು ಎಂದರೆ ಸಾಕಾಗಿತ್ತು.

"ಇಲ್ಲವಲ್ಲ" ಎಂದಳು ಇಂದುಮತಿ.

ಆ ಹೆಂಗಸಿನ ಮುಖ ಸಪ್ಪಗಾಯಿತು. "ಕ್ಷಮಿಸಿ" ಎಂದು ಸ್ವಲ್ಪ ಆಚೆ ಸರಿದು ಕುಳಿತಳು. ಕೂಟ ಮುಗಿಯುವವರೆಗೂ ಇಬ್ಬರೂ ಮಡಿಲಲ್ಲಿ ಕೈ ಬಿಗಿಹಿಡಿದು ವೇದಿಕೆಯನ್ನೇ ನೋಡುತ್ತಿದ್ದರು.

ಅಜ್ಜಯ್ಯನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಮತ್ತೆ ಕಡಲೆಕಾಯಿ ಸುಲಿಯತೊಡಗಿದರು. ಬಸಲಿಂಗ ಕಾದ. ಅವನಿಗೆ ತಡೆಯಲಾಗಲಿಲ್ಲ. ಇಂದುಮತಿಯ ಮೇಲೆ ಸಿಟ್ಟು ಬಂದಿತ್ತು, ಅಯ್ಯೋ ಎಂದೂ ಅನ್ನಿಸಿತ್ತು.

"ಆಮೇಲೆ, ಅಜ್ಜಯ್ಯ? ಅವಳು ಆ ಹೆಂಗಸನ್ನು ಹುಡುಕಿಕೊಂಡು ಹೋದಳೇ? ಹೌದು ಎಂದು ಹೇಳಲು ಅವಳಿಗೇನು ಕಷ್ಟವಿತ್ತು? ಒಂದು ಮಾತು ತಾನೇ!"

ಕೇಳುತ್ತ ಕೇಳುತ್ತ ಅವನ ಬೆರಳು ಕಂಬಳಿಯೊಳಗೆ ಹೋಗಿತ್ತು. ಕಂಬಳಿ ತುಸು ಜಾರಿತು. ಕೊರಳ ಸುತ್ತ ಕೆಂಪು ಗಂಧೆಗಳೆದ್ದಿದ್ದವು. ಅವನು ಗಡಿಬಿಡಿಯಿಂದ ಅದನ್ನು ಮತ್ತೆ ಎಳೆದು ಸುತ್ತಿಕೊಂಡ.

ಅಜ್ಜಯ್ಯನವರು ಮೊರವನ್ನು ಪಕ್ಕಕ್ಕಿಟ್ಟು, ಅವನಿಗೆ ತೀರ ಹತ್ತಿರ ಸರಿದು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು. "ನಿನಗೂ ತುರಿಸುತ್ತಿದೆಯೇ, ತಮ್ಮಾ?"

ಇಲ್ಲ ಎನ್ನಲು ಬಸಲಿಂಗ ಬಾಯಿ ತೆರೆದ. ಬೆರಳು ಆಗಲೇ ಕಂಬಳಿಯೊಳಗಿತ್ತು.