ಮೊದಲ ಹಾಲಿನ ಧಣಿ

ಪೂಜ್ಯ ಗುರುಪಾದ ಅಪ್ಪಗಳವರು ಕಲ್ಲಹೊಳೆಯಲ್ಲಿ ಇದ್ದಷ್ಟು ಕಾಲವೂ ಮಠವೆಂದು ಒಂದು ಕಟ್ಟಡ ಕಟ್ಟಿಸಿಕೊಳ್ಳಲಿಲ್ಲ. ಊರ ಹೊರಗೆ ಹಳ್ಳದ ದಂಡೆಗೆ ಒಂದು ಹಳೆಯ ದನದ ಕೊಟ್ಟಿಗೆ, ಅದರ ಮುಂದೆ ಬೇವಿನ ಮರ, ಮರದ ಬುಡಕ್ಕೆ ಹಾಸಿದ ಗೋಣಿತಟ್ಟು. ಅದೇ ಅವರ ಪೀಠ. ಬೆಳಗಿನ ಲಿಂಗಪೂಜೆ ಮುಗಿಸಿದರೆಂದರೆ ಪುಂಡಿಯ ನಾರು ಮುಂದಿಟ್ಟುಕೊಂಡು ಹಗ್ಗ ಹೊಸೆಯಲು ಕೂಡುವರು. ಮಾತು ಕಡಿಮೆ. ಊರಿನ ಎತ್ತುಗಳ ಕೊರಳಲ್ಲಿ ಇದ್ದುದೆಲ್ಲ ಅಪ್ಪಗಳು ಹೊಸೆದ ಹಗ್ಗವೇ.

ಅವರದೊಂದು ಪದ್ಧತಿಯಿತ್ತು. ಯಾರು ಏನು ತಂದು ಮುಂದಿಟ್ಟರೂ, ಮುಟ್ಟುವ ಮೊದಲು ಒಂದೇ ಮಾತು ಕೇಳುವರು: “ಇದರ ಧಣಿ ಉಂಡಾನೇನು?” ಹೊಸ ಜೋಳ ತಂದವನು ತನ್ನ ಎತ್ತಿಗೂ ಕೊಯ್ದ ಆಳಿಗೂ ಮೊದಲು ಹಾಕಿ ಬಂದಿರಬೇಕು. ಸಜ್ಜಕ ತಂದವಳು ಮನೆಯಲ್ಲಿ ಆಸೆಪಟ್ಟು ನಿಂತ ಮಗುವಿಗೆ ಒಂದು ತುತ್ತು ಇಟ್ಟು ಬಂದಿರಬೇಕು. ಇಲ್ಲವಾದರೆ ತಟ್ಟೆ ತಂದ ಹಾಗೆಯೇ ಮರಳುವುದು. ಸಿಟ್ಟಿಲ್ಲ, ಬೈಗುಳವಿಲ್ಲ, ಬರಿಯ ಒಂದು ನಗೆ. ಆ ನಗೆಗಿಂತ ಬೈಸಿಕೊಳ್ಳುವುದೇ ಮೇಲಪ್ಪಾ ಎನ್ನುವವರೂ ಇದ್ದರು!

ಅದೇ ಊರಿನಲ್ಲಿ ಬಾಳವ್ವ ಎಂಬ ಹೆಣ್ಣುಮಗಳಿದ್ದಳು. ಗಂಡ ತೀರಿಕೊಂಡ ಮೇಲೆ ಹೊಲಮನೆಯನ್ನೆಲ್ಲ ಒಬ್ಬಳೇ ತೂಗಿಸಿಕೊಂಡು ಬಂದವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅಪ್ಪಗಳ ಮೇಲೆ ಆಕೆಗೆ ಅಂಥ ನಂಬಿಗೆಯೇನೂ ಇರಲಿಲ್ಲ. “ಹಗ್ಗ ಹೊಸಿಯೋ ಸ್ವಾಮಿ ಎದರಾಗಿನ ಸ್ವಾಮಿ? ಹಗ್ಗ ಹೊಸ್ಯಾಕ ನಮ್ಮ ಮನ್ಯಾಗ ಆಳು ಇಲ್ಲೇನು?” ಎಂದು ಬಾವಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಂದವಳು. ಆ ಮಾತು ಅಪ್ಪಗಳ ಕಿವಿಗೂ ಬಿದ್ದಿತ್ತು. “ಖರೇ ಹೇಳ್ಯಾಳ” ಎಂದು ಅವರು ಇನ್ನೊಂದು ಎಳೆ ಕೈಗೆತ್ತಿಕೊಂಡಿದ್ದರು.

ಆ ವರ್ಷ ಬಾಳವ್ವನ ಮನೆಯಲ್ಲಿ ಒಂದೇ ಬೆಳಗಿನಲ್ಲಿ ಎರಡು ಹೆರಿಗೆಯಾದವು. ಕೊಟ್ಟಿಗೆಯಲ್ಲಿ ಕೆಂದಿ ಎಂಬ ಆಕಳು ಈಯಿತು. ಒಳಗಿನ ಕೋಣೆಯಲ್ಲಿ ಸೊಸೆ ದಾಕ್ಷಾಯಣಿ ಗಂಡುಮಗುವನ್ನು ಹಡೆದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಆದರೆ ಆ ಹುಡುಗಿಗೆ ತಾಯಿಯಿರಲಿಲ್ಲ. “ತಾಯಿ ಇಲ್ಲಾಂದ್ರ ಏನಾತು, ನಾ ಸತ್ತೀನೇನು?” ಎಂದು ಬಾಳವ್ವನೇ ಬಾಣಂತನಕ್ಕೆ ನಿಂತಿದ್ದಳು. ಇದನ್ನು ಹೇಳದೆ ಹೋದರೆ ಆಕೆಗೆ ಅನ್ಯಾಯ ಮಾಡಿದಂತಾದೀತು.

ಕೆಂದಿಯ ಕರು ನೆಲಕ್ಕೆ ಬಿದ್ದದ್ದೇ ತಡ, ಬಾಳವ್ವ ಅದರ ಮೈ ಒರೆಸಿ, ಎತ್ತಿ ತಾಯಿಯ ಕೆಚ್ಚಲಿಗೆ ಬಾಯಿ ಹಚ್ಚಿಸಿದಳು. ಅದು ಹೊಟ್ಟೆ ಬಿರಿಯ ಕುಡಿದ ಮೇಲೆಯೇ ಆಕೆ ಚರಿಗೆ ಹಿಡಿದದ್ದು. ಮೊದಲ ಹಾಲನ್ನು ಕರುವಿನಿಂದ ಕಸಿದು ಗಿಣ್ಣ ಕಾಸುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿಯುವುದು. ಕೆಂದಿಗೆ ಬೆಚ್ಚಗಿನ ನೀರು ಬಾನಿ ತುಂಬ, ಬೆಲ್ಲ ಹಾಕಿ ಕುದಿಸಿದ ನುಚ್ಚು ಬುಟ್ಟಿ ತುಂಬ.

ಆದರೆ ಒಳಕೋಣೆಯ ಶಾಸ್ತ್ರವೇ ಬೇರೆ. ಬಾಣಂತಿಯ ಎದೆಯಲ್ಲಿ ಹಳದಿಯಾಗಿ, ಅಂಟಂಟಾಗಿ ಒಸರುವ ಮೊದಲ ಹಾಲನ್ನು ಆ ಮನೆಯಲ್ಲಿ ಹಾಲೆಂದೇ ಕರೆಯುತ್ತಿರಲಿಲ್ಲ. ಅದು ಕೆಟ್ಟದ್ದು, ಹಿಂಡಿ ಹಿತ್ತಲಿನ ಬದನೆಯ ಗಿಡದ ಬುಡಕ್ಕೆ ಚೆಲ್ಲಬೇಕು. ಐದನೆಯ ದಿನ ಬಾಣಂತಿಯ ಕೋಣೆಯಲ್ಲಿ, ಕೂಸನ್ನು ಕಾಯುವ ಸೆಟಿವಿ ತಾಯಿಗೆ ಮಾಡುವ ಐದೇಶಿ ಪೂಜೆ ಮುಗಿದ ಮೇಲೆಯೇ ಕೂಸನ್ನು ಎದೆಗೆ ಹಾಕಬೇಕು. ಅಲ್ಲಿಯ ತನಕ ಕೂಸಿಗೆ ಹಾಲು ಹನಿಸುವ ಒಳಲೆಯಲ್ಲಿ ಬೆಲ್ಲದ ನೀರು, ನೆಕ್ಕಿಸಲು ಹರಳೆಣ್ಣೆ, ಓಣಿಯಲ್ಲಿ ಬಂದರೆ ಒಂದಿಷ್ಟು ಕತ್ತೆಯ ಹಾಲು. ಬಾಣಂತಿಗೆ ಒಣರೊಟ್ಟಿ, ಬೆಳ್ಳುಳ್ಳಿ ಖಾರ. ನೀರು ಬೇಡಿದರೆ ಅರ್ಧ ಬಟ್ಟಲು, ಅದೂ ಗದರಿಸಿ. ಬಾಳವ್ವನ ಅತ್ತೆ ಬಾಳವ್ವನಿಗೆ ಹಾಗೆಯೇ ಮಾಡಿದ್ದಳು. ಬಾಳವ್ವನ ಚೊಚ್ಚಲ ಕೂಸು ನಿಲ್ಲಲಿಲ್ಲ ಎಂಬುದನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಾಳವ್ವ ಗಿಣ್ಣ ಕಾಸಿದಳು. ಬೆಲ್ಲ, ಏಲಕ್ಕಿಯ ಆ ಘಮ ಒಳಕೋಣೆಗೂ ಹೋಯಿತು. ಬಸುರಿಯಿದ್ದಾಗಿನಿಂದಲೂ ಗಿಣ್ಣ ಎಂದರೆ ಬಾಯಿಬಿಡುತ್ತಿದ್ದ ದಾಕ್ಷಾಯಣಿ ಮೆಲ್ಲಗೆ ಕೇಳಿದಳು: “ಅತ್ತಿ, ನನಗೊಂದು ತುಣುಕು...”

“ಬಾಣಂತಿಗೆ ಗಿಣ್ಣ! ನಂಜಾಗತೈತಿ, ಬಾಯಿ ಮುಚ್ಚು!”

ಸೊಸೆ ಬಾಯಿ ಮುಚ್ಚಿದಳು. ಮಗ್ಗುಲಲ್ಲಿದ್ದ ಕೂಸು ಬಾಯಿ ತೆರೆಯಲೇ ಇಲ್ಲ. ಮೊದಲ ದಿನ ಮನೆ ಕಿತ್ತುಹೋಗುವಂತೆ ಅತ್ತದ್ದು ಈಗ ಕುಂಯ್ ಅನ್ನದು. ಎತ್ತಿಕೊಂಡರೆ ಕತ್ತು ಜೋಲುವುದು. ಒಳಲೆ ಇಟ್ಟರೆ ಬೆಲ್ಲದ ನೀರು ಕಟವಾಯಿಂದ ಹೊರಗೆ. ಸೂಲಗಿತ್ತಿ ದೃಷ್ಟಿಯಾಗಿದೆ ಎಂದಳು. ನೆರೆಯವಳು, “ಅಪ್ಪಗಳ ಕಡೆ ಒಂದು ತಾಯತ ಕಟ್ಟಿಸ್ಕೊಂಡು ಬಾ ಬಾಳವ್ವ, ಈಗ ಬಿಗುಮಾನ ಬ್ಯಾಡ” ಎಂದಳು. ಅಂಗಳದಲ್ಲಿ ಕೆಂದಿಯ ಕರು ಬಾಲವೆತ್ತಿ ಚಂಗನೆ ಜಿಗಿಯುತ್ತಿತ್ತು. ಬಾಳವ್ವ ಅದನ್ನೊಮ್ಮೆ, ಒಳಕೋಣೆಯನ್ನೊಮ್ಮೆ ನೋಡಿ ಎದ್ದಳು. ಬರಿಗೈಯಲ್ಲಿ ಹೋಗುವ ಹೆಂಗಸಲ್ಲ ಆಕೆ. ಗಿಣ್ಣದ ತಟ್ಟೆಗೆ ಸೆರಗು ಮುಚ್ಚಿಕೊಂಡು ಹಳ್ಳದ ದಾರಿ ಹಿಡಿದಳು.

ಅಪ್ಪಗಳು ಬೇವಿನ ನೆರಳಲ್ಲಿ ಹಗ್ಗದ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತಿದ್ದರು. ಬಾಳವ್ವ ತಟ್ಟೆಯನ್ನು ಮುಂದಿಟ್ಟು ಅಡ್ಡಬಿದ್ದಳು.

“ಬಾ ತಾಯಿ. ಇದರ ಧಣಿ ಉಂಡಾನೇನು?”

ಈ ಪ್ರಶ್ನೆಗೆ ಬಾಳವ್ವ ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡೇ ಬಂದಿದ್ದಳು. “ಉಂಡಾನ್ರಿ ಯಪ್ಪಾ! ಹೊಟ್ಟಿ ತುಂಬ ಉಂಡು ಅಂಗಳದಾಗ ಕುಣ್ಯಾಕ ಹತ್ಯಾನ್ರಿ. ಅವನ ಪಾಲು ಅವಗ ಕೊಟ್ಟ ಮ್ಯಾಲೇ ನಾ ಹಿಂಡೀನಿ. ಗಿಣ್ಣದ ಹಾಲು ಕುಡೀಲಿಲ್ಲಾಂದ್ರ ಕರ ಏಳೂದಿಲ್ರಿ, ಅಷ್ಟೂ ತಿಳಿಯದಾಕಿ ಅಲ್ಲ ನಾನು.”

ಅಪ್ಪಗಳ ಮುಖ ಅರಳಿತು. “ಶಾಣ್ಯಾಕಿ” ಎಂದು ತಟ್ಟೆಯತ್ತ ಕೈ ಚಾಚಿದರು.

ಅಷ್ಟರಲ್ಲಿ ಬಾಳವ್ವನ ಧೈರ್ಯವೆಲ್ಲ ಕರಗಿ ಹೋಯಿತು. “ಯಪ್ಪಾ, ಒಂದು ತಾಯತ ಕೊಡ್ರಿ. ಮೊಮ್ಮಗ ಏಳವಲ್ಲ. ಅಳವಲ್ಲ. ಬೆಲ್ಲದ ನೀರು ಕೊಟ್ಟೆ, ಕತ್ತಿ ಹಾಲು ಕೊಟ್ಟೆ, ಒಂದೂ ಒಳಗ ನಿಲ್ಲವಲ್ದು” ಎಂದು ಅಳತೊಡಗಿದಳು. ಆಕೆ ಅತ್ತದ್ದನ್ನು ಗಂಡ ಸತ್ತ ದಿನದ ಮೇಲೆ ಊರು ಕಂಡಿರಲಿಲ್ಲ.

“ತಾಯಿಯ ಹಾಲು?”

“ಇನ್ನೂ ಐದೇಶಿ ಆಗಿಲ್ಲಲ್ರಿ ಯಪ್ಪಾ. ಮೊದಲನೇ ಹಾಲು ಕೆಟ್ಟದ್ದು. ಹಿಂಡಿ ಬದನಿ ಗಿಡದ ಬುಡಕ್ಕ ಹಾಕೀವಿ.”

ತಟ್ಟೆಯತ್ತ ಚಾಚಿದ್ದ ಪೂಜ್ಯರ ಕೈ ಅಲ್ಲಿಯೇ ನಿಂತಿತು. ಅವರು ನಗಲಿಲ್ಲ. ಬಹಳ ಮೆತ್ತಗೆ, ಕೂಸಿನೊಡನೆ ಮಾತಾಡಿದಂತೆ, ಮತ್ತೆ ಅದೇ ಮಾತು ಕೇಳಿದರು:

“ಅದರ ಧಣಿ ಉಂಡಾನೇನು, ತಾಯಿ?”

ಗಿಣ್ಣದ ಹಾಲು ಕುಡಿಯದಿದ್ದರೆ ಕರು ಏಳುವುದಿಲ್ಲ ಎಂದು ಬಾಳವ್ವ ಈಗ ತಾನೇ ತನ್ನ ಬಾಯಾರೆ ಹೇಳಿದ್ದಳು. ಹಿತ್ತಲಿನ ಬದನೆಯ ಗಿಡ ಕಣ್ಣಿಗೆ ಕಟ್ಟಿತು. ಅದರ ಹಿಂದೆ ಇನ್ನೊಂದು, ತನ್ನ ಅತ್ತೆಯ ಕಾಲದ ಬದನೆಯ ಗಿಡವೂ ಕಟ್ಟಿತು. “ಅಯ್ಯೋ ಶಿವನೇ!” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಪ್ಪಗಳು ತಟ್ಟೆಯನ್ನು ಎತ್ತಿ ಆಕೆಯ ಕೈಗೆ ಮರಳಿಸಿದರು. “ನಮ್ಮಲ್ಲಿ ತಾಯತ ಇಲ್ಲ. ಶಿವ ಆ ಕೂಸಿನ ಊಟ ಅದಕ್ಕಿಂತ ಮೊದಲೇ ಕಳಿಸ್ಯಾನ. ಈ ಗಿಣ್ಣ ಹಡದಾಕಿಗೆ ಕೊಡು. ಓಡು.”

ಬಾಳವ್ವ ಓಡಿದಳು. ಆ ವಯಸ್ಸಿನ ಹೆಂಗಸು, ಆ ತೂಕದ ಹೆಂಗಸು, ತಟ್ಟೆ ಹಿಡಿದು ಹಳ್ಳ ದಾಟಿ ಓಡುವುದನ್ನು ಕಂಡು ಊರವರು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡರಂತೆ! ಓಡುತ್ತಲೇ ಆಕೆಗೆ ಒಂದೊಂದೇ ಹೊಳೆಯುತ್ತ ಹೋಯಿತು. ಕೆಂದಿಗೆ ಬಾನಿ ತುಂಬ ನೀರು, ಸೊಸೆಗೆ ಅರ್ಧ ಬಟ್ಟಲು. ಕೆಂದಿಗೆ ಬೆಲ್ಲದ ನುಚ್ಚು, ಸೊಸೆಗೆ ಒಣರೊಟ್ಟಿ. ಆಕಳಿಗೆ ತಿಳಿದು ಮಾಡಿದ ನಾನು ಹೆಣ್ಣಿಗೆ ಯಾಕೆ ತಿಳಿಯಲಿಲ್ಲ?

ಮನೆಗೆ ಬಂದವಳೇ ಕೂಸನ್ನು ಎತ್ತಿ ದಾಕ್ಷಾಯಣಿಯ ಎದೆಗೆ ಹಚ್ಚಿದಳು. ಸೊಸೆ ಗಾಬರಿಯಾದಳು. “ಅತ್ತಿ, ಐದೇಶಿ...”

“ಐದೇಶಿ ಮಾಡಾಕ ಕೂಸು ಇರಬೇಕಲ್ಲವ್ವಾ! ಸೆಟಿವಿ ತಾಯಿ ಏನಂತಾಳೋ ನಾ ನೋಡ್ಕೊಂತೀನಿ. ನೀ ಕುಡಸು.”

ಕೂಸಿಗೆ ಎಳೆಯುವಷ್ಟೂ ತ್ರಾಣವಿರಲಿಲ್ಲ. ತುಟಿ ತಾಗಿಸಿ ಹಾಗೆಯೇ ಜೋಂಪು ಹತ್ತಿದಂತೆ ಮಲಗಿತು. ಬಾಳವ್ವ ಸುಮ್ಮನೆ ಕೂಡುವಳೇ? ಒಳಲೆಯನ್ನು ಬಿಸಿನೀರಲ್ಲಿ ತೊಳೆದು ತಂದು, ಸೊಸೆಯ ಎದೆಯಿಂದ ಆ ಹಳದಿ ಹಾಲನ್ನು ಹನಿಹನಿಯಾಗಿ ಅದಕ್ಕೆ ಇಳಿಸಿ, ಒಂದೊಂದೇ ಹನಿಯನ್ನು ಕೂಸಿನ ನಾಲಿಗೆಗೆ ಬಿಟ್ಟಳು. ಒಂದು ಹನಿ. ಒಳಗೇ ಹೋಯಿತು. ಇನ್ನೊಂದು. ಅದೂ ಹೋಯಿತು. ಕಟವಾಯಿಂದ ಏನೂ ಸುರಿಯಲಿಲ್ಲ. ಕೂಸು ತುಟಿ ಚಪ್ಪರಿಸಿತು. ಅತ್ತೆ ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡರು.

ಹೊತ್ತು ಏರಿತು, ಇಳಿಯಿತು. ನಡುವೆ ಬಾಳವ್ವ ತಂಬಿಗೆ ತುಂಬ ಬೆಚ್ಚಗಿನ ನೀರು ತಂದಿಟ್ಟಳು. ದಾಕ್ಷಾಯಣಿ ಉಸಿರು ತಿರುಗಿಸದೆ ಕುಡಿದಳು. ಗಿಣ್ಣದ ತಟ್ಟೆಯನ್ನು ಮುಂದಿಟ್ಟಾಗ ಮಾತ್ರ ಆ ಹುಡುಗಿ ನಂಬಲಿಲ್ಲ. “ನಂಜು ಅಂದಿದ್ರಿ?”

“ಅಂದಿದ್ದೆ. ನನ್ನ ನಾಲಿಗಿಗೇ ನಂಜು ಆಗಿತ್ತು. ತಿನ್ನವ್ವಾ.”

ಹನಿ ಹನಿಯಿಂದ ತ್ರಾಣ ಬಂದ ಕೂಸು ಸಂಜೆಯ ಹೊತ್ತಿಗೆ ಕಣ್ಣು ತೆರೆದು, ಮುಖ ಕೆಂಪಗೆ ಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ ಕಿಟಾರನೆ ಅತ್ತಿತು. ಆ ಅಳುವನ್ನು ಕೇಳಿ ನಕ್ಕವರು ಆ ಮನೆಯವರೇ ಇರಬೇಕು! ದಾಕ್ಷಾಯಣಿ ಎದೆಗೆ ಹಾಕಿಕೊಂಡಳು. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ಕೂಸು ಗಬಕ್ಕನೆ ಬಾಯಿ ಹಾಕಿ, ಮುಷ್ಟಿ ಬಿಗಿದು, ಗುಟುಕು ಗುಟುಕಾಗಿ ಎಳೆಯತೊಡಗಿತು. ಬಾಳವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಆ ಗುಟುಕಿನ ಸದ್ದನ್ನೇ ಕೇಳಿದಳು. ನಿಲ್ಲದೆ ಹೋದ ತನ್ನ ಚೊಚ್ಚಲ ಕೂಸಿನ ಹೆಸರನ್ನು ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟು ಕರೆದಳು. ಕಣ್ಣೀರು ಹರಿಯಿತು, ಮನಸ್ಸು ಹಗುರಾಯಿತು.

ಇನ್ನೂ ಬೆಳಕಿತ್ತು. ಅದೇ ತಟ್ಟೆಯನ್ನು ಹಿಡಿದುಕೊಂಡು ಬಾಳವ್ವ ಮತ್ತೆ ಹಳ್ಳದ ದಂಡೆಗೆ ಹೋದಳು. ಅಪ್ಪಗಳು ಹೊಸೆದ ಹಗ್ಗವನ್ನು ಸುತ್ತಿಡುತ್ತಿದ್ದರು. ಈ ಸಲ ಅವರು ಏನೂ ಕೇಳಲಿಲ್ಲ. ಆಕೆಯೇ, ಕೇಳದೆಯೇ, ಗೋಣಿತಟ್ಟಿನ ಅಂಚಿಗೆ ಹಣೆ ಹಚ್ಚಿ ಹೇಳಿದಳು:

“ಯಪ್ಪಾ, ಧಣಿ ಉಂಡಾನ್ರಿ.”

ಪೂಜ್ಯರ ಕಣ್ಣು ತುಂಬಿ ಬಂದವು. “ಹಂಗಾದ್ರ ಇನ್ನ ನಮಗೂ ಹಸಿವಿ. ಕೊಡು, ಗಿಣ್ಣ ಕೊಡು” ಎಂದರು.

ಬಾಳವ್ವ ನಾಲಿಗೆ ಕಚ್ಚಿಕೊಂಡಳು. “ಅಯ್ಯ ಯಪ್ಪಾ! ಇಷ್ಟೂ ನನ್ನ ಸೊಸಿನೇ ತಿಂದು ಬಿಟ್ಲಲ್ರಿ! ಬರೀ ತಟ್ಟಿ ತಂದೀನಿ.”

ಅಪ್ಪಗಳು ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ಕಂಡವರು ವಿರಳ. ತಟ್ಟೆಯನ್ನು ತೆಗೆದುಕೊಂಡು, ಅಂಚಿಗೆ ಅಂಟಿದ್ದ ಬೆಲ್ಲದ ಪಸೆಯನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಶರಣೆಂದರು. ಅಷ್ಟು ರುಚಿಯ ಪ್ರಸಾದವನ್ನು ತಾವು ಉಂಡಿಲ್ಲವೆಂದು ಅವರು ಆಮೇಲೆ ಎಷ್ಟೋ ಜನರಿಗೆ ಹೇಳುತ್ತಿದ್ದರು.

ಹಗ್ಗ ಹೊಸೆಯುವ ಸ್ವಾಮಿಯೆಂದು ಜರಿದ ಬಾಳವ್ವ ಅಂದಿನಿಂದ ಪುಂಡಿಯ ನಾರನ್ನು ತಾನೇ ಬಡಿದು ಹದಮಾಡಿ ಅಪ್ಪಗಳ ಕೊಟ್ಟಿಗೆಗೆ ಮುಟ್ಟಿಸುವವಳಾದಳು. ಐದೇಶಿಯೂ ಸಾಂಗವಾಗಿ ನಡೆಯಿತು. ಸೆಟಿವಿ ತಾಯಿ ಏನೂ ಅನ್ನಲಿಲ್ಲ. ಕಲ್ಲಹೊಳೆಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಆಕೆ ಕರೆಯದೆಯೇ ಹೋಗುವಳು. ಹೊಸ್ತಿಲಲ್ಲಿ ನಿಂತು, ಗಂಡೋ ಹೆಣ್ಣೋ ಎಂದು ಕೇಳುವ ಮೊದಲು, ಆ ಜೋರು ಬಾಯಿಯಿಂದ ಕೂಗುವಳು: “ಏ, ಧಣಿ ಉಂಡಾನೇನು?” ಒಳಗಿನಿಂದ ಹೂಂ ಎಂದು ಉತ್ತರ ಬಂದರೆ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೊದಲು ಬಾಣಂತಿಗೆ ಒಂದು ತಂಬಿಗೆ ನೀರು ಕೊಡುವಳು.